ದೂರದ ಯುದ್ಧ, ನಮ್ಮ ಮನೆಯ ಲೆಕ್ಕ

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಹಿರೇಗುಂಟನೂರು)

ಕಳೆದ ತಿಂಗಳು ಅರ್ಥಶಾಸ್ತ್ರದ ಮೇಡಂ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರು. "ರಷ್ಯಾ ಮತ್ತು ಉಕ್ರೇನ್ ಯುದ್ಧ ಶುರುವಾಗಿ ಮೂರೂವರೆ ವರ್ಷ ಆಯಿತು. ಅದರಿಂದ ನಿಮ್ಮ ಮನೆಗೆ ಏನಾಗಿದೆ, ಒಬ್ಬೊಬ್ಬರೇ ಹೇಳಿ." ಒಬ್ಬಳು ಎಣ್ಣೆ ತುಟ್ಟಿಯಾಗಿತ್ತು ಅಂದಳು. ಇನ್ನೊಬ್ಬಳು ಗೊಬ್ಬರ ಅಂದಳು. ಹಿಂದಿನ ಬೆಂಚಿನ ಗೆಳತಿ "ಏನೂ ಆಗಿಲ್ಲ ಮಿಸ್" ಅಂದಾಗ ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ನಾನೂ "ಎಣ್ಣೆ ಬೆಲೆ ಏರಿತ್ತು ಮಿಸ್, ಆಮೇಲೆ ಇಳಿಯಿತು" ಎಂದು ಹೇಳಿ ಕೂತುಬಿಟ್ಟೆ.

ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ನಾನು ಹೇಳಿದ್ದು ಅರ್ಧ ಸತ್ಯ ಅನ್ನಿಸಿತು. ಎಣ್ಣೆ ಬೆಲೆ ಇಳಿದದ್ದು ನಿಜ. ಆದರೆ ಅದು ಏರಿದ್ದಾಗ ನಮ್ಮ ಮನೆಯಲ್ಲಿ ಏನೇನು ಬದಲಾಯಿತೋ ಅದು ಇವತ್ತಿಗೂ ಹಾಗೇ ಇದೆ. ಮೇಡಂಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಯುದ್ಧದ ನಿಜವಾದ ಬೆಲೆ ಕೊಡುವವರು ಅಲ್ಲಿಯ ಜನ. ಮನೆ, ಮಕ್ಕಳು, ಊರನ್ನೇ ಕಳೆದುಕೊಂಡವರ ಮುಂದೆ ನಮ್ಮ ಎಣ್ಣೆ ಡಬ್ಬದ ಕಥೆ ಚಿಕ್ಕದು. ನಮ್ಮ ನಾಡಿಗೂ ಆ ದುಃಖ ನೇರವಾಗಿ ಬಂದಿದೆ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ್ ಎಂಬ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡರು. ಅವರ ಪಾರ್ಥಿವ ಶರೀರ ಊರಿಗೆ ಬಂದದ್ದು ಮೂರು ವಾರದ ನಂತರ. ತಂದೆ ತಾಯಿ ಅದನ್ನು ಪಕ್ಕದ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರ್ ಆಗಲು ಹೋದ ಮಗ ಇನ್ನೊಬ್ಬರ ಮಕ್ಕಳು ಡಾಕ್ಟರ್ ಆಗಲು ನೆರವಾದ. ಎರಡು ವರ್ಷದ ನಂತರ ಕಲಬುರಗಿ ಜಿಲ್ಲೆಯ ಕೆಲವು ಯುವಕರು ಕೆಲಸದ ಆಸೆಗೆ ಹೋಗಿ ರಷ್ಯಾದ ಸೈನ್ಯದಲ್ಲಿ ಸಿಲುಕಿ, 2024ರಲ್ಲಿ ಹೇಗೋ ಜೀವ ಉಳಿಸಿಕೊಂಡು ಬಂದರು. ಇವರೆಲ್ಲರನ್ನು ನೆನೆದೇ ನನ್ನ ಮಾತು ಶುರು ಮಾಡುತ್ತೇನೆ.

ಎರಡು ಕಡೆಯಿಂದ ಬರೆದ ನೋಟ್‌ಬುಕ್

ನಮ್ಮ ಅಬ್ಬಾ ಹಿರೇಗುಂಟನೂರಿನಲ್ಲಿ ಮಂಡಕ್ಕಿ ಮಿರ್ಚಿ ಗಾಡಿ ಇಟ್ಟಿದ್ದಾರೆ. ಸಂಜೆ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ರಾತ್ರಿ ಒಂಬತ್ತರವರೆಗೆ ವ್ಯಾಪಾರ. ಗಾಡಿಯ ಲೆಕ್ಕಕ್ಕೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅಬ್ಬಾ ಉರ್ದುವಿನಲ್ಲಿ ಬರೆಯುವುದರಿಂದ ಬಲಗಡೆಯಿಂದ ಶುರು ಮಾಡುತ್ತಾರೆ. ನಾನು ಹೈಸ್ಕೂಲಿಗೆ ಬಂದ ಮೇಲೆ ಉದ್ರಿ ಲೆಕ್ಕವನ್ನು ಕನ್ನಡದಲ್ಲಿ ಎಡಗಡೆಯಿಂದ ಬರೆಯಲು ಶುರು ಮಾಡಿದೆ. ವರ್ಷದ ಕೊನೆಗೆ ಇಬ್ಬರ ಬರಹವೂ ಎಲ್ಲೋ ನಡುವೆ ಒಂದನ್ನೊಂದು ಮುಟ್ಟುತ್ತದೆ. ಆಗ ಹೊಸ ನೋಟ್‌ಬುಕ್ ತರುತ್ತಾರೆ.

ಆ ದಿನ ಮನೆಗೆ ಹೋಗಿ 2022ರ ನೋಟ್‌ಬುಕ್ ಹುಡುಕಿ ತೆಗೆದೆ. ಜನವರಿಯಲ್ಲಿ 15 ಕೆ.ಜಿ. ಪಾಮ್ ಎಣ್ಣೆ ಡಬ್ಬಕ್ಕೆ ಅಬ್ಬಾ ಕೊಟ್ಟದ್ದು 2,000 ರೂಪಾಯಿ. ಯುದ್ಧ ಶುರುವಾದದ್ದು ಫೆಬ್ರವರಿ 24ಕ್ಕೆ. ಏಪ್ರಿಲ್ ಕೊನೆಯ ವಾರದ ಸಾಲಿನಲ್ಲಿ ಅದೇ ಡಬ್ಬಕ್ಕೆ 2,450 ಎಂದಿದೆ.

ಯುದ್ಧ ಉಕ್ರೇನಿನಲ್ಲಿ, ಪಾಮ್ ಎಣ್ಣೆ ಬರುವುದು ಇಂಡೋನೇಷ್ಯಾ, ಮಲೇಷ್ಯಾದಿಂದ. ಹಾಗಿದ್ದರೆ ಇದರ ಬೆಲೆ ಯಾಕೆ ಏರಬೇಕು? ಆಗ ನಾನು ಎಂಟನೇ ತರಗತಿ, ಅರ್ಥವಾಗಿರಲಿಲ್ಲ. ಈಗ "ಬದಲಿ ಸರಕು" ಎಂಬ ಪಾಠ ಓದಿದ ಮೇಲೆ ಅರ್ಥವಾಯಿತು. ನಮ್ಮ ದೇಶ ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಯುದ್ಧಕ್ಕೆ ಮುಂಚೆ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದದ್ದು ಉಕ್ರೇನಿನಿಂದ. ಕಪ್ಪು ಸಮುದ್ರದ ಬಂದರು ಮುಚ್ಚಿದ ಕೂಡಲೇ ಸೂರ್ಯಕಾಂತಿ ಎಣ್ಣೆ ಸಿಗದ ದೇಶಗಳೆಲ್ಲ ಸೋಯಾ ಮತ್ತು ತಾಳೆ ಎಣ್ಣೆಗೆ ಮುಗಿಬಿದ್ದವು. ತನ್ನ ಜನರಿಗೇ ಎಣ್ಣೆ ತುಟ್ಟಿಯಾಯಿತೆಂದು ಇಂಡೋನೇಷ್ಯಾ 2022ರ ಏಪ್ರಿಲ್ 28ರಂದು ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಮೇ 23ಕ್ಕೆ ಆ ತಡೆ ತೆಗೆಯಿತು. ನಡುವೆ ಮೇ 3ಕ್ಕೆ ನಮ್ಮ ಈದ್.

ರಂಜಾನ್ ತಿಂಗಳು ಅಬ್ಬಾಗೆ ವ್ಯಾಪಾರದ ತಿಂಗಳು. ಇಫ್ತಾರ್ ಹೊತ್ತಿಗೆ ಬಜ್ಜಿ, ಸಮೋಸಾ ಕೊಳ್ಳಲು ಜನ ಬರುತ್ತಾರೆ. ಆ ವರ್ಷ ಬಂದವರು ಬೆಲೆ ಕೇಳಿ ಎರಡು ಕೊಳ್ಳುವಲ್ಲಿ ಒಂದು ಕೊಂಡರು. ಅಬ್ಬಾ ಮೊದಲು ಮಿರ್ಚಿ ಚಿಕ್ಕದು ಮಾಡಿದರು. ಆಮೇಲೆ ಪ್ಲೇಟ್ ಬೆಲೆ 25ರಿಂದ 30 ಮಾಡಿದರು. ಗಾಡಿಯ ದೊಡ್ಡ ಗ್ಯಾಸ್ ಸಿಲಿಂಡರ್ ಬೆಲೆಯೂ ಏರಿತ್ತು. "ಜಂಗ್ ಉಧರ್, ಮಹೆಂಗಾಯಿ ಇಧರ್" ಎಂದು ಅವರು ಗಿರಾಕಿಗಳ ಹತ್ತಿರ ನಗುತ್ತಲೇ ಹೇಳುತ್ತಿದ್ದರು. ಯುದ್ಧ ಅಲ್ಲಿ, ತುಟ್ಟಿ ಇಲ್ಲಿ. ತಿಂಗಳಿಗೆ ಐದು ಡಬ್ಬ ಎಣ್ಣೆ ಬೇಕು. ಎಣ್ಣೆಯೊಂದಕ್ಕೇ 2,250 ರೂಪಾಯಿ ಹೆಚ್ಚು. ಕೊರೊನಾ ಎರಡು ವರ್ಷ ಗಾಡಿಯನ್ನು ಮೂಲೆಗೆ ನಿಲ್ಲಿಸಿತ್ತು, ಉಳಿತಾಯ ಅಂತ ಏನೂ ಇರಲಿಲ್ಲ. ವಾರದ ಕಂತಿನ ಸಾಲ 30,000 ತೆಗೆದುಕೊಂಡರು.

ಆ ಮೇ ತಿಂಗಳಿನ ಪುಟದ ಅಂಚಿನಲ್ಲಿ ಅಬ್ಬಾ ಉರ್ದುವಿನಲ್ಲಿ ಒಂದು ಸಾಲು ಬರೆದಿದ್ದಾರೆ. ಭಾಯಿ ಬೆಂಗಳೂರಿಗೆ ಹೋದ ತಾರೀಖು ಮತ್ತು ಬಸ್ ಚಾರ್ಜು.

ಭಾಯಿ ಅಂದರೆ ನನ್ನ ಅಣ್ಣ. ಆಗ ಪ್ರಥಮ ಪಿಯುಸಿ ಮುಗಿಸಿದ್ದ, ನನ್ನ ಹಾಗೇ ಕಾಮರ್ಸ್. ಲೆಕ್ಕದಲ್ಲಿ ನನಗಿಂತ ಚುರುಕು. "ಆರು ತಿಂಗಳು ದುಡಿದು ಸಾಲದ ಕಂತು ಕಟ್ಟಿ ಬರ್ತೀನಿ, ಸೆಕೆಂಡ್ ಪಿಯುಸಿ ಬರುವ ವರ್ಷ ಬರೀತೀನಿ" ಎಂದು ಒಂದು ಗಾರ್ಮೆಂಟ್ ಕಾರ್ಖಾನೆಗೆ ಸೇರಿದ. ಅಮ್ಮಿ ಬೇಡವೆಂದರು. ಅಬ್ಬಾ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. 2023ರ ಹೊತ್ತಿಗೆ ಎಣ್ಣೆ ಡಬ್ಬ 1,500ಕ್ಕೆ ಇಳಿಯಿತು. ಸಾಲವೂ ತೀರಿತು. ಭಾಯಿ ಮಾತ್ರ ಓದಲು ವಾಪಸ್ ಬರಲಿಲ್ಲ. ಅವನ ಸಂಬಳಕ್ಕೆ ಮನೆ ಒಗ್ಗಿಕೊಂಡಿತ್ತು. ಅವನೂ ದುಡಿಮೆಗೆ ಒಗ್ಗಿಕೊಂಡಿದ್ದ. ಅವನ ಹಳೆಯ ಪುಸ್ತಕದಲ್ಲೇ ನಾನು ಪ್ರಥಮ ಪಿಯುಸಿ ಲೆಕ್ಕಶಾಸ್ತ್ರ ಓದಿದೆ. ಕೆಲವು ಲೆಕ್ಕಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವನು ಬರೆದ ಉತ್ತರ ಈಗಲೂ ಇದೆ.

ಲೆಕ್ಕಶಾಸ್ತ್ರದಲ್ಲಿ ಖರ್ಚು ಎರಡು ಬಗೆ ಎಂದು ಸರ್ ಹೇಳಿಕೊಟ್ಟಿದ್ದಾರೆ. ರಾಜಸ್ವ ವೆಚ್ಚ ಆ ವರ್ಷಕ್ಕೆ ಮುಗಿಯುತ್ತದೆ. ಬಂಡವಾಳ ವೆಚ್ಚದ ಪರಿಣಾಮ ಹಲವು ವರ್ಷ ಇರುತ್ತದೆ. ದೂರದ ಯುದ್ಧದ ಖರ್ಚನ್ನು ನಾವು ರಾಜಸ್ವ ವೆಚ್ಚ ಎಂದು ತಿಳಿದುಕೊಂಡಿದ್ದೇವೆ. ಈ ವರ್ಷ ತುಟ್ಟಿ, ಮುಂದಿನ ವರ್ಷ ಸರಿಹೋಗುತ್ತದೆ ಅನ್ನುತ್ತೇವೆ. ನಮ್ಮ ಮನೆಯ ನೋಟ್‌ಬುಕ್ ನೋಡಿದರೆ ಅದು ತಪ್ಪು. ಬೆಲೆ ಸರಿಹೋಗುತ್ತದೆ. ತುಟ್ಟಿಯ ದಿನಗಳಲ್ಲಿ ಮನುಷ್ಯರು ಮಾಡಿಕೊಂಡ ತೀರ್ಮಾನಗಳು ಹಿಂದಕ್ಕೆ ಹೋಗುವುದಿಲ್ಲ.

ಮಾಮು ಹೊಲದ ಸೂರ್ಯಕಾಂತಿ

ಇದೇ ಯುದ್ಧವನ್ನು ಇನ್ನೊಂದು ಕಡೆಯಿಂದ ನೋಡಿದವರು ನಮ್ಮ ಮಾಮು. ಹಿರಿಯೂರು ಕಡೆ ಅವರಿಗೆ ಮೂರು ಎಕರೆ ಎರೆ ಹೊಲ ಇದೆ. ಎಣ್ಣೆ ತುಟ್ಟಿಯಾದಾಗ ಅಬ್ಬಾ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರೆ ಮಾಮು ಖುಷಿಯಲ್ಲಿದ್ದರು. ಎಷ್ಟೋ ವರ್ಷದ ಮೇಲೆ ಸೂರ್ಯಕಾಂತಿಗೆ ಬೆಲೆ ಬಂದಿದೆ ಎಂದು ಆ ಮುಂಗಾರಿನಲ್ಲಿ ಒಂದು ಎಕರೆ ಬಿತ್ತಿದರು. ಪರವಾಗಿಲ್ಲ ಅನ್ನುವ ಬೆಲೆ ಸಿಕ್ಕಿತು. ಅದನ್ನೇ ನಂಬಿ ಮರುವರ್ಷ ಮೂರು ಎಕರೆಗೂ ಸೂರ್ಯಕಾಂತಿ ಹಾಕಿದರು.

ಆ ಹೊತ್ತಿಗೆ ಎರಡು ಸಂಗತಿ ನಡೆದಿದ್ದವು. ಒಂದು, 2022ರ ಜುಲೈನಲ್ಲಿ ವಿಶ್ವಸಂಸ್ಥೆ ಮತ್ತು ಟರ್ಕಿ ಮಧ್ಯಸ್ಥಿಕೆಯಲ್ಲಿ ಕಪ್ಪು ಸಮುದ್ರದ ಒಪ್ಪಂದ ಆಗಿ ಉಕ್ರೇನಿನ ಧಾನ್ಯ, ಎಣ್ಣೆ ಮತ್ತೆ ಹಡಗು ಹತ್ತಿದವು. ರಷ್ಯಾ ಕೂಡ ತನ್ನ ಎಣ್ಣೆಯನ್ನು ಹೆಚ್ಚು ಹೆಚ್ಚು ನಮಗೆ ಮಾರತೊಡಗಿತು. ಎರಡು, ಕೊಳ್ಳುವವರಿಗೆ ಹೊರೆ ಆಗಬಾರದೆಂದು ಕೇಂದ್ರ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆ ಮತ್ತು 20 ಲಕ್ಷ ಟನ್ ಕಚ್ಚಾ ಸೋಯಾ ಎಣ್ಣೆಯನ್ನು ಸುಂಕವಿಲ್ಲದೆ ತರಿಸಲು ಎರಡು ವರ್ಷಕ್ಕೆ ಅನುಮತಿ ಕೊಟ್ಟಿತು. ಅಬ್ಬಾನಂಥವರು ಉಸಿರು ಬಿಟ್ಟರು. ಆದರೆ ಸೂರ್ಯಕಾಂತಿ ಬೀಜದ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. 2023ರ ಜೂನ್‌ನಲ್ಲಿ ಹರಿಯಾಣದ ಸೂರ್ಯಕಾಂತಿ ರೈತರು 6,400 ರೂಪಾಯಿ ಬೆಂಬಲ ಬೆಲೆ ಕೊಡಿ ಎಂದು ಹೆದ್ದಾರಿಯಲ್ಲಿ ಕೂತಿದ್ದು ಇದೇ ಕಾರಣಕ್ಕೆ. ನಮ್ಮ ಕಡೆ ಆ ವರ್ಷ ಬರವೂ ಸೇರಿತು. ಮಾಮುಗೆ ಬಂದದ್ದೇ ನಾಲ್ಕು ಚೀಲ. ಅದಕ್ಕೂ ಕೇಳಿದ ಬೆಲೆ ಸಿಗಲಿಲ್ಲ.

ಮರುವರ್ಷ ಅವರು ಮೆಕ್ಕೆಜೋಳ ಹಾಕಿದರು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕಚ್ಚಾ ಎಣ್ಣೆಗಳ ಮೇಲೆ ಮತ್ತೆ ಶೇ 20ರ ಮೂಲ ಸುಂಕ ಹಾಕಿತು. ಆಗ ಅಬ್ಬಾನ ಡಬ್ಬ ಪುನಃ 2,000 ದಾಟಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿತು. 2025-26ಕ್ಕೆ ಸೂರ್ಯಕಾಂತಿಯ ಬೆಂಬಲ ಬೆಲೆ 7,721 ರೂಪಾಯಿ ಇತ್ತು. ಬಿತ್ತಬಹುದಲ್ಲ ಮಾಮು ಎಂದು ಬಕ್ರೀದ್‌ಗೆ ಬಂದಾಗ ಕೇಳಿದೆ. "ಬೇಟಿ, ನಾನು ಬಿತ್ತೋದು ಜೂನಲ್ಲಿ, ಅವರು ಸುಂಕ ಬದಲಾಯಿಸೋದು ಯಾವಾಗ ಅಂತ ನನಗೆ ಹೇಳಿ ಬದಲಾಯಿಸ್ತಾರಾ?" ಅಂದರು. ಅಬ್ಬಾ ಪಕ್ಕದಲ್ಲೇ ಊಟ ಮಾಡುತ್ತಿದ್ದರು, ಏನೂ ಮಾತಾಡಲಿಲ್ಲ. ಒಂದೇ ದಸ್ತರ್‌ಖಾನ್ ಮೇಲೆ ಕೂತ ಇಬ್ಬರಲ್ಲಿ ಒಬ್ಬರಿಗೆ ಲಾಭವಾದದ್ದು ಇನ್ನೊಬ್ಬರಿಗೆ ನಷ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಮನೆಗೆ ಸರಿಯಾಗಿ ಒಪ್ಪುತ್ತದೆ.

ದೇಶದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ನಮ್ಮದೇ. ಯುದ್ಧದಿಂದ ನಮ್ಮ ಹೊಲಗಳಿಗೆ ಒಂದು ಅವಕಾಶ ಬಂದಿತ್ತು. ಅದು ಒಂದು ಬೆಳೆಯ ಕಾಲಕ್ಕೆ ಮುಗಿದುಹೋಯಿತು. ಮೊದಲು ಉಕ್ರೇನಿನಿಂದ ಹೆಚ್ಚಾಗಿ ಬರುತ್ತಿದ್ದ ಎಣ್ಣೆ ಈಗ ರಷ್ಯಾದಿಂದ ಹೆಚ್ಚಾಗಿ ಬರುತ್ತಿದೆ. ಮಾರುವವರು ಬದಲಾದರು, ನಾವು ಕೊಳ್ಳುವವರಾಗಿಯೇ ಉಳಿದೆವು.

ಅಂಗಡಿಯ ಬಿಲ್ಲಿನಲ್ಲಿ ಕಾಣದ ಖರ್ಚು

ಗೊಬ್ಬರದ ಕಥೆ ಸ್ವಲ್ಪ ಬೇರೆ. ಯುದ್ಧದ ಮೊದಲ ವರ್ಷ ಜಗತ್ತಿನಾದ್ಯಂತ ಗೊಬ್ಬರ ತುಟ್ಟಿಯಾಯಿತು. ಆದರೂ 45 ಕೆ.ಜಿ. ಯೂರಿಯಾ ಚೀಲ ನಮ್ಮಲ್ಲಿ 266 ರೂಪಾಯಿ 50 ಪೈಸೆಯಲ್ಲೇ ಇತ್ತು. ಡಿಎಪಿ 1,350ರಲ್ಲಿ ನಿಂತಿತು. ಹಾಗಾದರೆ ಏರಿದ ಬೆಲೆಯನ್ನು ಯಾರು ಕೊಟ್ಟರು? ಸರ್ಕಾರ ಕೊಟ್ಟಿತು. 2022-23ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಸುಮಾರು ಒಂದೂವರೆ ಲಕ್ಷ ಕೋಟಿ ಇತ್ತು. ರೈತರಿಗೆ ಇದು ಬೇಕೇ ಬೇಕಿತ್ತು, ನಾನು ವಿರೋಧಿಸುವುದಿಲ್ಲ. ಆದರೆ ಒಂದು ವರ್ಷದಲ್ಲಿ ಹೆಚ್ಚಾದ ಆ ಒಂದು ಲಕ್ಷ ಕೋಟಿ ಬೇರೆ ಯಾವುದಕ್ಕೆ ಆಗಬಹುದಿತ್ತು ಎಂದು ಕೇಳುವುದು ಕಾಮರ್ಸ್ ವಿದ್ಯಾರ್ಥಿಯ ಕೆಲಸ. ನಾವು ಅದನ್ನು ಅವಕಾಶ ವೆಚ್ಚ ಎಂದು ಓದುತ್ತೇವೆ. ಹಾಸ್ಟೆಲ್, ವಿದ್ಯಾರ್ಥಿವೇತನ, ಕೆರೆ ಹೂಳು ಎತ್ತುವ ಕೆಲಸ ಯಾವುದೂ ಆಗಬಹುದಿತ್ತು.

ಇನ್ನೊಂದು ಪರಿಣಾಮ ಮಣ್ಣಿನಲ್ಲಿದೆ. ಪೊಟ್ಯಾಷ್ ಗೊಬ್ಬರವನ್ನು ನಾವು ಪೂರ್ತಿ ಹೊರಗಿನಿಂದಲೇ ತರಿಸುತ್ತೇವೆ. ರಷ್ಯಾ ಮತ್ತು ಅದರ ಪಕ್ಕದ ಬೆಲಾರೂಸ್ ಅದನ್ನು ಮಾರುವ ದೊಡ್ಡ ದೇಶಗಳು. 2022ರಲ್ಲಿ ಅದರ ಚೀಲ 1,700ಕ್ಕೆ ಹೋಯಿತು. ಮಾಮುನಂಥ ರೈತರು ಅದನ್ನು ಬಿಟ್ಟು ಅಗ್ಗದ ಯೂರಿಯಾವನ್ನೇ ಹೆಚ್ಚು ಹಾಕಿದರು. ಭೂಮಿಗೆ ಮೂರೂ ಪೋಷಕಾಂಶ ಬೇಕು, ಸಿಕ್ಕಿದ್ದು ಒಂದು. 2025ರ ಜುಲೈನಲ್ಲಿ ಯೂರಿಯಾಕ್ಕಾಗಿ ರಾಜ್ಯದ ಹಲವು ಕಡೆ ರೈತರು ಬೆಳಗಿನ ಜಾವದಿಂದ ಸಾಲು ನಿಂತದ್ದನ್ನು ನೀವೂ ನೋಡಿದ್ದೀರಿ.

ಪೆಟ್ರೋಲ್ ವಿಷಯದಲ್ಲಿ ನಮಗೆ ಲಾಭ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯುದ್ಧಕ್ಕೆ ಮುಂಚೆ ನಾವು ತರಿಸುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2 ಕೂಡ ಇರಲಿಲ್ಲ. ಆಮೇಲೆ ರಿಯಾಯಿತಿಯಲ್ಲಿ ಸಿಗುತ್ತದೆ ಎಂದು ಕೊಂಡು ಅದು ಸುಮಾರು ಮೂರನೇ ಒಂದು ಪಾಲಿಗೆ ಏರಿತು. ಇದರಿಂದ ದೇಶಕ್ಕೆ ಡಾಲರ್ ಉಳಿದದ್ದು ನಿಜ. ಆದರೆ ಅದೇ ತೈಲದ ಕಾರಣ ಹೇಳಿ ಅಮೆರಿಕ 2025ರ ಆಗಸ್ಟ್ 27ರಿಂದ ನಮ್ಮ ಸರಕುಗಳ ಮೇಲೆ ಇನ್ನೂ ಶೇ 25 ಸುಂಕ ಹಾಕಿತು. ಮೊದಲಿನದು ಸೇರಿ ಆಗ ಒಟ್ಟು ಶೇ 50 ಆಯಿತು. ಅದರ ಪೆಟ್ಟು ಬಿದ್ದ ಉದ್ಯಮಗಳಲ್ಲಿ ಗಾರ್ಮೆಂಟ್ ಒಂದು. ಭಾಯಿ ಕೆಲಸ ಮಾಡುವ ಕಾರ್ಖಾನೆಯ ಅಂಗಿಗಳು ಹೋಗುವುದು ಅಮೆರಿಕಕ್ಕೆ. ಸೆಪ್ಟೆಂಬರ್‌ನಿಂದ ಓವರ್‌ಟೈಮ್ ನಿಂತಿದೆಯಂತೆ. ಫೋನಿನಲ್ಲಿ ಅಮ್ಮಿಗೆ ಹೇಳಲಿಲ್ಲ, ನನಗೆ ಹೇಳಿದ.

ಒಂದು ಯುದ್ಧ ನಮ್ಮ ಅಣ್ಣನನ್ನು ಓದಿನಿಂದ ಕಾರ್ಖಾನೆಗೆ ಕಳಿಸಿತು. ಮೂರೂವರೆ ವರ್ಷದ ನಂತರ ಅದೇ ಯುದ್ಧ ಕಾರ್ಖಾನೆಯ ಬಾಗಿಲಿಗೂ ಬಂದಿದೆ. ಹಿಂದಿನ ಬೆಂಚಿನ ಗೆಳತಿ "ಏನೂ ಆಗಿಲ್ಲ" ಅಂದಾಗ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಹಳೆಯ ಯುದ್ಧಗಳು ಇನ್ನೂ ನಮ್ಮ ಮನೆಯಲ್ಲಿವೆ

ಇದನ್ನೆಲ್ಲ ದಾದಿಯ ಮುಂದೆ ಹೇಳಿದಾಗ ಅವರು ಟ್ರಂಕಿನಿಂದ ಹಳೆಯ ರೇಷನ್ ಕಾರ್ಡ್ ತೆಗೆದು ತೋರಿಸಿದರು. "ನಮ್ಮ ಅಮ್ಮ ಹೇಳುತ್ತಿದ್ದರು, ಇದು ಶುರುವಾದದ್ದೇ ಜಂಗ್ ಕಾಲದಲ್ಲಿ" ಅಂದರು. ಪುಸ್ತಕ ನೋಡಿದರೆ ನಿಜ. ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆಗ ದೇಶದಲ್ಲಿ ಪಡಿತರ ಪದ್ಧತಿ ಹರಡಿತು. ಯುದ್ಧ 1945ಕ್ಕೆ ಮುಗಿಯಿತು, ಪಡಿತರ ಮುಗಿಯಲಿಲ್ಲ. ಇವತ್ತು ನಮ್ಮ ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ನಾವು ಬೆರಳಚ್ಚು ಕೊಟ್ಟು ಅಕ್ಕಿ ತರುವುದಕ್ಕೂ ಆ ಯುದ್ಧಕ್ಕೂ ನಂಟಿದೆ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1940ರ ಡಿಸೆಂಬರ್‌ನಲ್ಲಿ ಶುರುವಾದದ್ದೂ ಅದೇ ಯುದ್ಧದ ನಡುವೆ, ಮೈಸೂರು ಸರ್ಕಾರದ ನೆರವಿನಿಂದ. ಯುದ್ಧದ ಎಲ್ಲ ಪರಿಣಾಮವೂ ಕೆಟ್ಟದ್ದಲ್ಲ ಎಂಬುದಕ್ಕೆ ಇವು ಸಾಕ್ಷಿ. ಆದರೆ ಒಳ್ಳೆಯದು ತಾನಾಗಿ ಆಗಲಿಲ್ಲ. ಯಾರೋ ಕೂತು ಯೋಚಿಸಿ, ಇದನ್ನು ಉಳಿಸಿಕೊಳ್ಳೋಣ ಎಂದು ತೀರ್ಮಾನ ಮಾಡಿದರು.

ಎರಡನೆಯ ಉದಾಹರಣೆ ನಮ್ಮ ಸಮುದಾಯಕ್ಕೆ ಹತ್ತಿರದ್ದು. 1990ರ ಆಗಸ್ಟ್ 2ರಂದು ಇರಾಕ್ ಕುವೈತ್ ಮೇಲೆ ದಾಳಿ ಮಾಡಿತು. ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ವಾಪಸ್ ಕರೆತರಬೇಕಾಯಿತು. ನಮ್ಮ ಓಣಿಗೂ ಒಬ್ಬರು ಹಾಗೆ ಒಂದು ಕೈಚೀಲ ಹಿಡಿದು ಬಂದಿದ್ದರಂತೆ. ಅಲ್ಲಿಂದ ಬರುತ್ತಿದ್ದ ಹಣ ನಿಂತಿತು, ತೈಲದ ಬೆಲೆ ಏರಿತು. ಮೊದಲೇ ಸಾಲದಲ್ಲಿದ್ದ ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ವಿದೇಶಿ ವಿನಿಮಯ ಉಳಿಯಿತು. 1991ರಲ್ಲಿ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟೆವು. ಆಮೇಲೆ ಬಂದದ್ದೇ ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಉದಾರೀಕರಣ, ಖಾಸಗೀಕರಣ, ಜಾಗತೀಕರಣ.

ಇಲ್ಲಿಂದ ಒಂದು ಎಳೆ ನೇರವಾಗಿ ಅಬ್ಬಾನ ಗಾಡಿಗೆ ಬರುತ್ತದೆ. 1986ರಲ್ಲಿ ಶುರುವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದ ತೊಂಬತ್ತರ ದಶಕದ ಆರಂಭದಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿ ಆಗಿತ್ತು. ಉದಾರೀಕರಣದ ನಂತರ, 1994ರಿಂದ, ತಾಳೆ ಎಣ್ಣೆ ಆಮದಿಗೆ ಬಾಗಿಲು ತೆರೆಯಿತು. ಶೇಂಗಾ ಮತ್ತು ಗಿರಣಿಗಳಿಂದ ಎಣ್ಣೆ ನಗರ ಎಂದು ಹೆಸರಾಗಿದ್ದ ನಮ್ಮ ಜಿಲ್ಲೆಯ ಚಳ್ಳಕೆರೆಯಲ್ಲಿ ಹಲವು ಗಿರಣಿಗಳು ಮುಚ್ಚಿದವು. ಅಬ್ಬಾನ ಅಬ್ಬಾ ಶೇಂಗಾ ಎಣ್ಣೆಯಲ್ಲಿ ಬಜ್ಜಿ ಕರಿಯುತ್ತಿದ್ದರು. ಅಬ್ಬಾ ಪಾಮ್ ಎಣ್ಣೆಯಲ್ಲಿ ಕರಿಯುತ್ತಾರೆ. ಅಂದರೆ 1990ರ ಯುದ್ಧದಿಂದ ಹುಟ್ಟಿದ ಇಕ್ಕಟ್ಟಿನಲ್ಲಿ ನಾವು ಹಿಡಿದ ದಾರಿಯೇ 2022ರ ಯುದ್ಧ ನಮ್ಮ ಬಾಣಲೆಗೆ ಬರಲು ಒಂದು ಕಾರಣವಾಯಿತು. ಉದಾರೀಕರಣದಿಂದ ದೇಶಕ್ಕೆ ಒಳ್ಳೆಯದಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ಕೈಯಲ್ಲಿರುವ ಫೋನ್ ಕೂಡ ಅದರಿಂದಲೇ ಬಂದದ್ದು. ಅವಸರದಲ್ಲಿ ತೆಗೆದುಕೊಂಡ ತೀರ್ಮಾನದ ಲೆಕ್ಕವನ್ನು ಅವಸರ ಮುಗಿದ ಮೇಲೂ ಯಾರೂ ಪರಿಶೀಲಿಸಲಿಲ್ಲ ಎಂಬುದೇ ನನ್ನ ದೂರು.

ಎಲ್ಲವೂ ಯುದ್ಧದ ತಪ್ಪೇ?

ಈ ಲೇಖನದ ಕರಡನ್ನು ಲೆಕ್ಕಶಾಸ್ತ್ರದ ಸರ್‌ಗೆ ತೋರಿಸಿದಾಗ ಅವರು ಒಂದು ಗುರುತು ಹಾಕಿ ಕೊಟ್ಟರು. "ನಿಮ್ಮ ಅಣ್ಣ ಓದು ಬಿಟ್ಟದ್ದಕ್ಕೆ ಯುದ್ಧವೊಂದೇ ಕಾರಣವೇ?" ಇಲ್ಲ. ಕೊರೊನಾ ಇತ್ತು. ಸಾಲದ ಬಡ್ಡಿ ಇತ್ತು. ಆರು ತಿಂಗಳಾದ ಮೇಲೆ ಬಾ ಎಂದು ನಾವು ಗಟ್ಟಿಯಾಗಿ ಕರೆಯಲಿಲ್ಲ ಎಂಬುದೂ ಒಂದು ಕಾರಣ. ಮಾಮು ಬೆಳೆ ಹೋದದ್ದಕ್ಕೆ ಬರವೂ ಕಾರಣ. ದೂರದ ಯುದ್ಧ ಗಟ್ಟಿ ಗೋಡೆಯನ್ನು ಬೀಳಿಸುವುದಿಲ್ಲ. ಮೊದಲೇ ಬಿರುಕು ಬಿಟ್ಟ ಗೋಡೆಗೆ ಅದು ಮಳೆಯಂತೆ ಬರುತ್ತದೆ. ಅದಕ್ಕೇ ಒಂದೇ ಬೆಲೆ ಏರಿಕೆ ದೊಡ್ಡ ಮನೆಗಳಿಗೆ ಕಿರಿಕಿರಿ ಆದರೆ, ಚಿಕ್ಕ ಮನೆಗಳಲ್ಲಿ ಯಾರದೋ ಓದನ್ನು ನಿಲ್ಲಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಯುದ್ಧ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿಯ ಜನರಿಗಾಗಿ ದುವಾ ಮಾಡಬಹುದು, ಮಾಡುತ್ತಲೂ ಇದ್ದೇವೆ. ಇಲ್ಲಿಯ ಪರಿಣಾಮಗಳಲ್ಲಿ ಕೆಲವನ್ನಾದರೂ ತಡೆಯುವುದು ನಮ್ಮ ಕೈಯಲ್ಲಿದೆ.

ಸರ್ಕಾರಕ್ಕೆ ನಾನು ಹೇಳಬಹುದಾದ್ದು ಒಂದೇ. ಕೊಳ್ಳುವವರನ್ನು ಉಳಿಸಲು ಸುಂಕ ಇಳಿಸುವ ದಿನವೇ ಬೆಳೆಯುವವರಿಗೂ ಮಾತು ಕೊಡಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರ ಬೆಳೆ ಮಾರಿ ಮುಗಿದ ಮೇಲೆ ತೆರೆದರೆ ಪ್ರಯೋಜನವಿಲ್ಲ, ಕೊಯ್ಲಿಗೆ ಮೊದಲೇ ತೆರೆದಿರಬೇಕು. 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಯ ಹೊಸ ಎಣ್ಣೆಕಾಳು ಮಿಷನ್‌ಗೆ ಕೇಂದ್ರ ಒಪ್ಪಿಗೆ ಕೊಟ್ಟಿದೆ. 2030-31ರ ಹೊತ್ತಿಗೆ ನಮಗೆ ಬೇಕಾದ ಎಣ್ಣೆಯಲ್ಲಿ ಶೇ 72ರಷ್ಟನ್ನು ಇಲ್ಲೇ ಉತ್ಪಾದಿಸುವುದು ಅದರ ಗುರಿ. ಮಾಮುನಂಥವರಿಗೆ ಸುಂಕದ ಬಗ್ಗೆ ಭರವಸೆ ಬಾರದಿದ್ದರೆ ಆ ಗುರಿ ಕಾಗದದಲ್ಲೇ ಉಳಿಯುತ್ತದೆ.

ನಮ್ಮ ಕಾಲೇಜಿಗೆ ನನ್ನ ಕೋರಿಕೆ ಇನ್ನೂ ಹತ್ತಿರದ್ದು. 2020ರಿಂದ 2023ರ ನಡುವೆ ನಮ್ಮಲ್ಲಿ ಪ್ರಥಮ ಪಿಯುಸಿ ಮುಗಿಸಿ ದ್ವಿತೀಯಕ್ಕೆ ಬಾರದೆ ಹೋದವರ ಹೆಸರು ಆಫೀಸಿನ ದಾಖಲಾತಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ನಾವು ಕಾಮರ್ಸ್ ವಿದ್ಯಾರ್ಥಿಗಳು ಆ ಪಟ್ಟಿ ಮಾಡಿಕೊಡುತ್ತೇವೆ. ಉಪನ್ಯಾಸಕರು ಒಂದೊಂದು ಫೋನ್ ಮಾಡಬೇಕು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೂ ಇದೆ. ಅರ್ಜಿ ಯಾವಾಗ, ಶುಲ್ಕ ಎಷ್ಟು, ಹಳೆಯ ಅಂಕಪಟ್ಟಿ ಎಲ್ಲಿ ಸಿಗುತ್ತದೆ ಎಂದು ಹೇಳುವವರು ಇಲ್ಲದೇ ಎಷ್ಟೋ ಜನ ಸುಮ್ಮನಾಗಿದ್ದಾರೆ. ಭಾನುವಾರ ಎರಡು ಗಂಟೆ ಕಾಲೇಜು ತೆರೆದರೆ ಅವರಿಗೆ ಪಾಠ ಹೇಳಿಕೊಡಲು ನಮ್ಮ ತರಗತಿಯ ಆರು ಜನ ಈಗಾಗಲೇ ಒಪ್ಪಿದ್ದಾರೆ.

ಸ್ನೇಹಿತರಿಗೆ ಹೇಳುವುದು ಇಷ್ಟೇ. ನಿಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಇದ್ದರೆ 2022ರದ್ದನ್ನು ಒಮ್ಮೆ ತೆಗೆದು ನೋಡಿ. ಇಲ್ಲದಿದ್ದರೆ ಅಮ್ಮನನ್ನು ಕೇಳಿ. ಆ ವರ್ಷ ಏನು ತುಟ್ಟಿಯಾಯಿತು ಎಂದು ಕೇಳಬೇಡಿ, ಅದು ಎಲ್ಲರಿಗೂ ಗೊತ್ತು. ಆ ವರ್ಷ ನಾವು ಏನನ್ನು ಬಿಟ್ಟೆವು, ಅದನ್ನು ಮತ್ತೆ ಶುರು ಮಾಡಿದೆವಾ ಎಂದು ಕೇಳಿ.

ಮೊನ್ನೆ ಭಾನುವಾರ ಫೋನಿನಲ್ಲಿ ಭಾಯಿಯನ್ನು ನಾನೂ ಹಾಗೇ ಕೇಳಿದೆ. ಓವರ್‌ಟೈಮ್ ಇಲ್ಲವಲ್ಲ, ಸಂಜೆ ಹೊತ್ತು ಖಾಲಿ ತಾನೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಲಬಸ್ ಬದಲಾಗಿದೆಯಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಓದಿನ ಬಗ್ಗೆ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಪುಸ್ತಕ ಈ ವಾರ ಕಳಿಸುತ್ತಿದ್ದೇನೆ. ನನ್ನ ಪರೀಕ್ಷೆ ಇದೆ, ಅದಕ್ಕೇ ಮೊದಲ ನಾಲ್ಕು ಅಧ್ಯಾಯ ಜೆರಾಕ್ಸ್ ಮಾಡಿಸಿಕೊಂಡಿದ್ದೇನೆ. ಜೆರಾಕ್ಸ್ ಖರ್ಚು 86 ರೂಪಾಯಿ. ನೋಟ್‌ಬುಕ್ಕಿನ ಎಡಗಡೆ, ಕನ್ನಡದಲ್ಲಿ ಬರೆದಿಟ್ಟಿದ್ದೇನೆ.